ಎರಡು ನಿಮಿಷದ ಯಂತ್ರ, ನಾಲ್ಕು ನಿಮಿಷದ ಹಾಡು

ನ್ಯೂಜೆರ್ಸಿಯ ನನ್ನ ಕಾರ್ಯಾಗಾರಕ್ಕೆ ಬರುವ ಹಳೆಯ ಫೋನೋಗ್ರಾಫ್‌ಗಳಲ್ಲಿ ಹೆಚ್ಚಿನವು ಎಡಿಸನ್ ಕಂಪನಿಯ ಸ್ಟ್ಯಾಂಡರ್ಡ್ ಮತ್ತು ಹೋಮ್ ಮಾದರಿಗಳು. ನಮ್ಮೂರ ಹಳೆಯ ಮನೆಗಳಲ್ಲಿ ಕಂಡಂತಹ ತಟ್ಟೆಯ ಗ್ರಾಮೊಫೋನ್ ಅಲ್ಲ, ಲೋಟದಷ್ಟಿರುವ ಸಿಲಿಂಡರ್ ಸುತ್ತುತ್ತ ಹಾಡುವ ಯಂತ್ರಗಳು. ತರುವವರ ದೂರು ಬಹುಮಟ್ಟಿಗೆ ಒಂದೇ: ‘ನೀಲಿ ಸಿಲಿಂಡರ್ ಕೊಂಡು ತಂದೆ, ಹಾಡು ನೆಗೆನೆಗೆದು ಓಡುತ್ತದೆ. ಸೂಜಿ ಬದಲಾಯಿಸಿ ಕೊಡಿ.’ ಸೂಜಿ ಬದಲಾಯಿಸಿದರೆ ಮುಗಿಯುವ ಕೆಲಸವಲ್ಲ ಇದು.

ಮೊದಲ ಕಾಲದ ಮೇಣದ ಸಿಲಿಂಡರ್‌ಗಳಲ್ಲಿ ಅಂಗುಲಕ್ಕೆ 100 ಗೀರುಗಳಿರುತ್ತಿದ್ದವು. ಆಮೇಲೆ ರೂಢಿಗೆ ಬಂದ ನಿಮಿಷಕ್ಕೆ 160 ಸುತ್ತಿನ ವೇಗದಲ್ಲಿ ಹಾಡು ಎರಡು ನಿಮಿಷಕ್ಕೆ, ಹೆಚ್ಚೆಂದರೆ ಇನ್ನೂ ಸ್ವಲ್ಪ ಹೊತ್ತಿಗೆ ಮುಗಿಯುತ್ತಿತ್ತು. 1908ರಲ್ಲಿ ಎಡಿಸನ್ ಕಂಪನಿ ‘ಆಂಬೆರಾಲ್’ ಎಂಬ ಹೊಸ ಸಿಲಿಂಡರ್ ತಂದಿತು. ಅಳತೆ ಅದೇ, ವೇಗ ಅದೇ, ಆದರೆ ಅಂಗುಲಕ್ಕೆ 200 ಗೀರು. ಹಾಡಿನ ಅವಧಿ ನಾಲ್ಕು ನಿಮಿಷ ದಾಟಿತು. ಅದಾಗಲೇ ಜನರ ಮನೆಗಳಲ್ಲಿ ಅಸಂಖ್ಯ ಎರಡು ನಿಮಿಷದ ಯಂತ್ರಗಳಿದ್ದವು. ಅವುಗಳನ್ನು ಮೂಲೆಗೆ ಸೇರಿಸದೆ ಹೊಸ ಹಾಡಿಗೂ ಒಗ್ಗಿಸಲೆಂದು ಕಂಪನಿಯೇ ಜೋಡಣೆಯ ಭಾಗಗಳನ್ನು ಮಾರಿತು. ಜೆಮ್, ಸ್ಟ್ಯಾಂಡರ್ಡ್, ಹೋಮ್, ಟ್ರಯಂಫ್ ಎಲ್ಲಕ್ಕೂ ಅವು ಸಿಗುತ್ತಿದ್ದವು. ಕೊಂಡವನ ಯಂತ್ರಕ್ಕೆ ಕಂಪನಿ ತೋರಿಸಿದ ಈ ಗೌರವ ನನಗೆ ಇಂದಿಗೂ ಬಹಳ ದೊಡ್ಡದಾಗಿ ಕಾಣುತ್ತದೆ.

ಜೋಡಣೆಯ ಗುಟ್ಟು ಇರುವುದು ಗೇರ್‌ನಲ್ಲಿ. ಸ್ಟ್ಯಾಂಡರ್ಡ್ ಮತ್ತು ಹೋಮ್ ಯಂತ್ರಗಳಲ್ಲಿ ಸಿಲಿಂಡರ್ ಕೂರುವ ದಿಂಡು ಮತ್ತು ಸೂಜಿಯನ್ನು ಹೊತ್ತು ದನಿ ಹೊರಡಿಸುವ ಶಬ್ದಪೆಟ್ಟಿಗೆಯನ್ನು ಪಕ್ಕಕ್ಕೆ ಸಾಗಿಸುವ ತಿರುಪು ಒಂದೇ ಸಾಲಿನಲ್ಲಿದ್ದು ಒಟ್ಟಿಗೆ ತಿರುಗುತ್ತವೆ. ಒಂದು ಸುತ್ತಿಗೆ ಸೂಜಿ ಅಂಗುಲದ ನೂರರಲ್ಲೊಂದು ಭಾಗ, ಅಂದರೆ ಸುಮಾರು ಕಾಲು ಮಿಲಿಮೀಟರ್ ಮುಂದೆ ಹೋಗುತ್ತದೆ. ನಾಲ್ಕು ನಿಮಿಷದ ಸಿಲಿಂಡರ್‌ಗೆ ಅದರ ಅರ್ಧ ಸಾಕು. ಹಾಗಾಗದಿದ್ದರೆ ಯಂತ್ರ ಸೂಜಿಯನ್ನು ಎಳೆಯುತ್ತದೆ, ಗೀರು ಹಿಡಿದಿಟ್ಟುಕೊಳ್ಳಲು ನೋಡುತ್ತದೆ, ಎಳೆದಾಟ ತಾಳಲಾರದೆ ಸೂಜಿ ಪಕ್ಕದ ಗೀರಿಗೆ ಜಿಗಿಯುತ್ತದೆ. ಗಿರಾಕಿಗಳು ಹೇಳುವ ನೆಗೆತ ಇದೇ. ಜೋಡಣೆಯ ಗೇರ್ ಕೂರಿಸಿದ ಮೇಲೆ ದಿಂಡು 160 ಸುತ್ತು ತಿರುಗಿದರೂ ತಿರುಪು 80 ಸುತ್ತು ಮಾತ್ರ ತಿರುಗುತ್ತದೆ. ಪುಟ್ಟ ಗುಂಡಿಯೊಂದನ್ನು ಸರಿಸಿದರೆ ಮತ್ತೆ ಎರಡು ನಿಮಿಷದ ನಡೆಗೆ ಮರಳಬಹುದು. ಒಂದು ಮಾದರಿಯ ಗೇರ್ ಇನ್ನೊಂದಕ್ಕೆ ಕೂರುವುದಿಲ್ಲ. ಕೊಳ್ಳುವ ಮೊದಲು ನಿಮ್ಮ ಯಂತ್ರದ ಮಾದರಿಯ ಅಕ್ಷರವನ್ನೂ (ಎ, ಬಿ ಇತ್ಯಾದಿ) ನೋಡಿಕೊಳ್ಳಿ.

ಸೂಜಿಯ ಮಾತು ಬರುವುದು ಆಮೇಲೆ. ಎರಡು ನಿಮಿಷಕ್ಕೆ ‘ಸಿ’ ಎಂಬ ಶಬ್ದಪೆಟ್ಟಿಗೆ, ನಾಲ್ಕು ನಿಮಿಷದ ಮೇಣಕ್ಕೆ ‘ಎಚ್’. ಎರಡರಲ್ಲೂ ನೀಲಮಣಿಯ ಮೊನೆ. ‘ಕೆ’ ಎಂಬುದರಲ್ಲಿ ಎರಡೂ ಮೊನೆಗಳಿದ್ದು, ಬೇಕಾದುದನ್ನು ತಿರುಗಿಸಿಕೊಳ್ಳಬಹುದು. ‘ಸಿ’ಯ ದಪ್ಪ ಮೊನೆ ನಾಲ್ಕು ನಿಮಿಷದ ಸಣ್ಣ ಗೀರಿನೊಳಗೆ ಇಳಿಯುವುದಿಲ್ಲ, ಅದರ ಗೋಡೆಗಳನ್ನೇ ಸವೆಸುತ್ತದೆ.

1912ರಲ್ಲಿ ಬಂದ ನೀಲಿ ಸಿಲಿಂಡರ್ ‘ಬ್ಲೂ ಆಂಬೆರಾಲ್’ ಕೂಡ ನಾಲ್ಕು ನಿಮಿಷದ್ದೇ, ಆದರೆ ಮೇಣದ್ದಲ್ಲ. ಹೊರಗೆ ಸೆಲ್ಯುಲಾಯ್ಡ್, ಒಳಗೆ ಪ್ಲಾಸ್ಟರ್. ಅದಕ್ಕೆಂದೇ ವಜ್ರದ ಮೊನೆಯ, ಹೆಚ್ಚು ತೂಕದ ಶಬ್ದಪೆಟ್ಟಿಗೆಗಳು ಬಂದವು. ಸೆಲ್ಯುಲಾಯ್ಡ್ ಆ ಭಾರವನ್ನು ತಡೆಯುತ್ತದೆ, ಮೇಣ ತಡೆಯದು. ಈ ಕಸುಬಿಗೆ ಬಂದ ಹೊಸದರಲ್ಲಿ ಯಂತ್ರದಲ್ಲಿ ವಜ್ರದ ಪೆಟ್ಟಿಗೆ ಇದೆಯೆಂಬುದನ್ನು ಗಮನಿಸದೆ ಗಿರಾಕಿಯೊಬ್ಬರ ಕಪ್ಪು ಮೇಣದ ಆಂಬೆರಾಲ್ ಹಾಕಿಬಿಟ್ಟೆ. ಹಾಡು ಮುಗಿಯುವಷ್ಟರಲ್ಲಿ ಸೂಜಿಯ ಕೆಳಗೆ ಸಣ್ಣ ಪುಡಿ ಬಿದ್ದಿತ್ತು. ಆ ಪುಡಿ ನೂರು ವರ್ಷ ಉಳಿದು ಬಂದಿದ್ದ ಒಂದು ದನಿ. ಅವರ ಮುಂದೆ ನಿಂತು ಹೇಳಲು ನನಗೆ ಮಾತೇ ಇರಲಿಲ್ಲ. ಅಂದಿನಿಂದ ಬಂದ ಯಂತ್ರದ ಶಬ್ದಪೆಟ್ಟಿಗೆಯನ್ನು ಮೊದಲು ಬಿಚ್ಚಿ, ಮೊನೆಯನ್ನು ಭೂತಗನ್ನಡಿಯಲ್ಲಿ ನೋಡಿದ ಮೇಲೆಯೇ ಕೀಲಿ ಕೊಡುತ್ತೇನೆ.

ನೀಲಿ ಸಿಲಿಂಡರ್‌ನ ತೊಂದರೆ ಬೇರೆ. ಪ್ಲಾಸ್ಟರ್ ತೇವ ಹೀರಿ ಉಬ್ಬಿದರೆ ದಿಂಡಿನ ಮೇಲೆ ಪೂರ್ತಿ ಇಳಿಯುವುದಿಲ್ಲ. ಒತ್ತಬೇಡಿ, ಒಡೆಯುತ್ತದೆ. ಒಳಗಿನ ಪ್ಲಾಸ್ಟರ್ ಅನ್ನು ಒಂದೇ ಸಮನಾಗಿ, ಸ್ವಲ್ಪಸ್ವಲ್ಪವೇ ಕೆರೆಯಬೇಕು. ಮೇಣದವನ್ನು ಹೊರಮೈ ಮುಟ್ಟದೆ, ಒಳಗೆ ಎರಡು ಬೆರಳು ತೂರಿಸಿ ಅಗಲಿಸಿ ಎತ್ತಬೇಕು. ಚಳಿಗಾಲದಲ್ಲಿ ಅಂಗೈಯ ಬಿಸಿ ತಾಗಿದರೂ ಅವು ಬಿರುಕು ಬಿಡಬಹುದು.

ಮೂಲ ಗೇರ್ ಸಿಗದಿದ್ದಾಗ ಕೆಲವರು ಯಂತ್ರದ ಲೋಹದ ತಳಹಲಗೆಗೆ ರಂಧ್ರ ಕೊರೆದು ಬೇರೆ ಗೇರ್ ಕೂರಿಸಿಕೊಡಿ ಎನ್ನುತ್ತಾರೆ. ಆ ಕೆಲಸವನ್ನು ನಾನು ಒಪ್ಪಿಕೊಳ್ಳುವುದಿಲ್ಲ. ಆ ಕಾಲದ ಜೋಡಣೆಯಾದರೆ ಯಂತ್ರದ ಬದುಕಿನದೇ ಒಂದು ಭಾಗ. ಬೇಡವೆನಿಸಿದ ದಿನ ಕಳಚಿ, ಹಳೆಯ ಭಾಗಗಳನ್ನು ಮತ್ತೆ ಹಾಕಬಹುದು. ಕೊರೆದ ರಂಧ್ರ ಮುಚ್ಚದು. ಯಾರೂ ಮುಟ್ಟದೆ ಬಂದ ಎರಡು ನಿಮಿಷದ ಯಂತ್ರ ನಿಮ್ಮಲ್ಲಿದ್ದರೆ ಅದು ಎರಡು ನಿಮಿಷವೇ ಹಾಡಲಿ, ನೀಲಿ ಸಿಲಿಂಡರ್‌ಗಳಿಗೆ ನಾಲ್ಕು ನಿಮಿಷದ ಹಾಡು ನುಡಿಸುವ ಎಡಿಸನ್ ಕಂಪನಿಯ ಆಂಬೆರೋಲಾ ಯಂತ್ರವನ್ನು ಹುಡುಕಿ ಎಂಬುದೇ ನನ್ನ ಸಲಹೆ.

ಗೇರ್ ಹಾಕಿದವರು ಸ್ಪ್ರಿಂಗ್ ಮರೆಯಬಾರದು. ಸ್ಟ್ಯಾಂಡರ್ಡ್‌ನಲ್ಲಿರುವುದು ಒಂದೇ ಸ್ಪ್ರಿಂಗ್. ಒಳಗಿನ ಹಳೆಯ ಗ್ರೀಸ್ ಗಟ್ಟಿಯಾಗಿದ್ದರೆ ನಾಲ್ಕು ನಿಮಿಷ ಎಳೆಯುವಷ್ಟರಲ್ಲಿ ದಮ್ಮು ಕಟ್ಟಿ ಹಾಡಿನ ಶ್ರುತಿ ಇಳಿಯುತ್ತದೆ. ಬಿಚ್ಚಿ, ತೊಳೆದು, ಹೊಸ ಗ್ರೀಸ್ ತುಂಬಿ. ದಿಂಡಿಗೆ ಒಂದು ಚೂರು ಕಾಗದ ಅಂಟಿಸಿ, ಸೂಜಿ ಇಳಿಸಿದ ಸ್ಥಿತಿಯಲ್ಲೇ ಎಣಿಸಿ: 15 ಸೆಕೆಂಡಿಗೆ 40 ಸುತ್ತು ಬರಬೇಕು. ಹಾಡಿನ ಕೊನೆಯ ನಿಮಿಷದಲ್ಲಿ ಮತ್ತೊಮ್ಮೆ ಎಣಿಸಿ.