ಹೆಸರಲ್ಲಿ ನೈಟ್ರೋಜನ್, ಕಟ್ಟುದು ಕಾರ್ಬನ್: ನೈಟ್ರಿಫೈಯರ್ ಅಂದ್ರೆ ಎಂತ?

ಅಳಸಂಡೆ ಗಿಡ ಕಿತ್ತು ನೋಡಿ, ಬೇರಲ್ಲಿ ಸಣ್ಣ ಸಣ್ಣ ಗಂಟು ಉಂಟು, ಉಗುರಲ್ಲಿ ಒಡೆದ್ರೆ ಒಳಗೆ ನಸುಗೆಂಪು. ಅದರೊಳಗಿನ ರೈಜೋಬಿಯಂ ಅನ್ನುವ ಬ್ಯಾಕ್ಟೀರಿಯ ಗಾಳಿಯ ನೈಟ್ರೋಜನ್ ಹಿಡಿದು ಅಮೋನಿಯ ಮಾಡಿ ಗಿಡಕ್ಕೆ ಕೊಡ್ತದೆ, ಅದು ನೈಟ್ರೋಜನ್ ಫಿಕ್ಸೇಶನ್, ನಮ್ಮ ಕಾಸರಗೋಡು ಕಡೆ ತೋಟ ಇರುವವರು ಹೆಚ್ಚಿನವರಿಗೆ ಗೊತ್ತಿರುವ ಮಾತು. ಗೊಂದಲ ಆಗುದು ನೈಟ್ರಿಫಿಕೇಶನ್ ಅನ್ನುವ ಪದ ಬಂದಾಗ. ಎರಡೂ ಒಂದೇ ಅಂತ ನಾನೂ ತುಂಬಾ ದಿನ ಅಂದ್ಕೊಂಡಿದ್ದೆ. ಅಲ್ಲ. ನೈಟ್ರಿಫೈಯರ್‌ಗಳು ಅನ್ನುವ ಸೂಕ್ಷ್ಮಜೀವಿಗಳು ನೀರಲ್ಲಿ ಮಣ್ಣಲ್ಲಿ ಮೊದಲೇ ಇರುವ ಅಮೋನಿಯವನ್ನು ಆಕ್ಸಿಜನ್ ಜೊತೆ ಸೇರಿಸಿ ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡ್ತವೆ. ಅದರಲ್ಲಿ ಸಿಕ್ಕಿದ ಶಕ್ತಿಯಿಂದ ಅವು ಫಿಕ್ಸ್ ಮಾಡುದು ಕಾರ್ಬನ್ನನ್ನು. ಪಾಠಪುಸ್ತಕದಲ್ಲಿ ಇಂಗಾಲ ಸ್ಥಿರೀಕರಣ ಅಂತಾರೆ, ಅಂದ್ರೆ ನೀರಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡ್ ತಗೊಂಡು ತಮ್ಮ ಮೈ ಕಟ್ಟಿಕೊಳ್ಳುದು.

ನನಗೆ ಇದು ಮನಸ್ಸಿಗೆ ಹೊಕ್ಕಿದ್ದು ಹಿತ್ತಿಲ ಟ್ಯಾಂಕಿಯ ಗಪ್ಪಿ ಮೀನುಗಳು ಸತ್ತ ಮೇಲೆ. ಫಿಲ್ಟರಿನ ಸ್ಪಂಜಲ್ಲಿ ಕಂದು ಬಣ್ಣದ ಲೋಳೆ ಹಿಡಿದಿತ್ತು, ಕೊಳಕು ಅಂತ ಕ್ಲೋರಿನ್ ಹಾಕಿದ ನಳ್ಳಿ ನೀರಲ್ಲಿ ಬಿಳಿಯಾಗುವಷ್ಟು ತೊಳೆದೆ, ನಾಲ್ಕು ದಿನದಲ್ಲಿ ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಾ ಹೋದವು. ಆ ಲೋಳೆಯಲ್ಲೇ ನೈಟ್ರಿಫೈಯರ್‌ಗಳು ಇದ್ದದ್ದು, ಮೀನು ಹೊರಬಿಡುವ ಅಮೋನಿಯ ತಿಂತಾ ಇದ್ದದ್ದು ಅವೇ.

ಬೆಳಕಿಲ್ಲದೆ ಬರೀ ರಾಸಾಯನಿಕದ ಶಕ್ತಿಯಿಂದ ಮೈ ಕಟ್ಟುವ ಜೀವಿ ಇದೆ ಅಂತ ತೋರಿಸಿದವರು ರಷ್ಯಾದ ಸೆರ್ಗೆಯ್ ವಿನೊಗ್ರಾಡ್‌ಸ್ಕಿ, 1890ರ ಸುಮಾರಿಗೆ. ಆದ್ರೆ ಈ ಕಸುಬಲ್ಲಿ ಸಂಪಾದನೆ ಬಹಳ ಕಡಿಮೆ. ಒಂದು ಕಾರ್ಬನ್ ಕಟ್ಟಬೇಕಾದ್ರೆ ಸುಮಾರು ಹತ್ತು ಅಮೋನಿಯ ಅಣು ಸುಡಬೇಕು, ನೈಟ್ರೈಟ್ ತಿನ್ನುವವಕ್ಕಂತೂ ಪ್ರತಿ ಅಣುವಿಗೆ ಸಿಗುವ ಶಕ್ತಿ ಅದರ ಮೂರರಲ್ಲಿ ಒಂದಂಶವೂ ಇಲ್ಲ. ಹಾಗಾಗಿ ಅವು ನಿಧಾನ ಬೆಳೆಯುದು, ತೊಳೆದ ಸ್ಪಂಜ್ ಮತ್ತೆ ಸರಿಯಾಗಲಿಕ್ಕೆ ವಾರಗಟ್ಟಲೆ ಬೇಕು. ಕಟ್ಟುವ ದಾರಿಯೂ ಬೇರೆ ಬೇರೆ: ಅಮೋನಿಯ ತಿನ್ನುವ ಬ್ಯಾಕ್ಟೀರಿಯ ನೈಟ್ರೊಸೋಮೊನಾಸ್ ಗಿಡಗಳ ಹಾಗೆ ಕ್ಯಾಲ್ವಿನ್ ಚಕ್ರ ಅನ್ನುವ ದಾರಿ ಬಳಸ್ತದೆ, ನೈಟ್ರೈಟ್ ತಿನ್ನುವ ನೈಟ್ರೊಸ್ಪೈರಾ ಇನ್ನೊಂದು, ಆರ್ಕಿಯಾ (ಬ್ಯಾಕ್ಟೀರಿಯದ ಹಾಗೆ ಕಂಡ್ರೂ ಬೇರೆ ವಂಶದ ಸೂಕ್ಷ್ಮಜೀವಿಗಳು) ಗುಂಪಿನವು ಮೂರನೆಯದ್ದು, ಆಕ್ಸಿಜನ್ ಇರುವಲ್ಲಿ ನಡೆಯುವ ದಾರಿಗಳಲ್ಲಿ ಶಕ್ತಿಯ ಖರ್ಚು ಕಡಿಮೆ ಇರುದು ಈ ಮೂರನೆಯದ್ದಕ್ಕೇ.

ಸಿಹಿನೀರಿನ ಸರೋವರದಲ್ಲಿ ಇವುಗಳ ಜಾಗ ಆಳದ ಕತ್ತಲು. ಮೇಲೆ ಬೆಳಕಿರುವಲ್ಲಿ ಪಾಚಿಗಳೇ ಅಮೋನಿಯ ಕಸಿದುಕೊಳ್ತವೆ, ಬೆಳಕು ಅಮೋನಿಯ ತಿನ್ನುವ ಸುಮಾರು ಜೀವಿಗಳಿಗೆ ಆಗಿಬರುದೂ ಇಲ್ಲ. ಕೆಳಗೆ ಸತ್ತ ಪಾಚಿ ಇಳಿದು ಕೊಳೆತು ಅಮೋನಿಯ ಬಿಡ್ತದೆ, ನೀರು ಸ್ವಚ್ಛ ಇದ್ರೆ ಆಕ್ಸಿಜನ್ನೂ ಉಳಿದಿರ್ತದೆ. ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ ನಡುವಿನ ಕಾನ್‌ಸ್ಟನ್ಸ್ ಸರೋವರ 251 ಮೀಟರ್ ಆಳ, ಅದರ ಆಳದ ನೀರಲ್ಲಿ ಅಮೋನಿಯ ತಿನ್ನುವ ಆರ್ಕಿಯಾ ಕೆಲವು ಸಲ ಸೂಕ್ಷ್ಮಜೀವಿಗಳಲ್ಲಿ 39%ವರೆಗೆ ಇದ್ದವು ಅಂತ 2022ರಲ್ಲಿ ವರದಿಯಾಯ್ತು. ಕತ್ತಲಲ್ಲಿ ಎಷ್ಟು ಕಾರ್ಬನ್ ಕಟ್ಟಿದ್ರು ಅಂತ ಅಳೆಯುವ ಕ್ರಮ ಸರಳ: ಆ ನೀರನ್ನು ಕತ್ತಲೆ ಬಾಟ್ಲಿಯಲ್ಲಿಟ್ಟು ಗುರುತು ಹಾಕಿದ (ಸಾಮಾನ್ಯಕ್ಕಿಂತ ಬೇರೆ ಬಗೆಯ ಕಾರ್ಬನ್ ಪರಮಾಣು ಇರುವ) ಬೈಕಾರ್ಬೊನೇಟ್ ಬೆರೆಸುದು, ಆಮೇಲೆ ಸೋಸಿ ಎಷ್ಟು ಗುರುತಿನ ಕಾರ್ಬನ್ ಜೀವಕೋಶದೊಳಗೆ ಸೇರಿತು ಅಂತ ನೋಡುದು.

ನಮ್ಮ ಊರಿನ ಕೆರೆ ಮದಕಗಳು ಅಷ್ಟು ಆಳ ಇಲ್ಲ. ಮೇ ತಿಂಗಳಲ್ಲಿ ಕೆಸರಿಗೆ ಕಾಲಿಟ್ರೆ ಕಪ್ಪಾಗಿ ಕೊಳೆತ ಮೊಟ್ಟೆ ವಾಸನೆ ಬರ್ತದಲ್ಲ, ಅಲ್ಲಿ ಆಕ್ಸಿಜನ್ ಇಲ್ಲ, ನೈಟ್ರಿಫಿಕೇಶನ್ ನಿಂತಿರ್ತದೆ.

ಒಂದು ಮಾತು ಸರಿಮಾಡ್ಬೇಕು, ಇವು ಸೂರ್ಯನ ಹಂಗಿಲ್ಲದೆ ಬದುಕ್ತವೆ ಅಂತ ಬರೆಯುವವರಿದ್ದಾರೆ. ಆದ್ರೆ ಸರೋವರದಲ್ಲಿ ಅವು ತಿನ್ನುವ ಅಮೋನಿಯ ಹೆಚ್ಚಾಗಿ ಬರುದು ಬಿಸಿಲಲ್ಲಿ ಬೆಳೆದು ಸತ್ತ ಪಾಚಿಯಿಂದ, ಉಸಿರಾಡುವ ಆಕ್ಸಿಜನ್ ಕೂಡ ಮೇಲಿನ ಬೆಳಕಲ್ಲೇ ಹುಟ್ಟಿದ್ದು.