ನೀರು ತಿಳಿಯಾಗಿದ್ದರೆ ಹಳ್ಳ ಚೆನ್ನಾಗಿದೆ ಅಂತಲೇ?

"ತೋಟದ ಕೆಳಗಿನ ಹಳ್ಳ ಕೆಟ್ಟಿದೆಯಾ ಅಂತ ಗೊತ್ತಾಗೋದು ಹೇಗೆ? ನೀರಂತೂ ತಿಳಿಯಾಗಿದೆ."

ಮಲೆನಾಡು, ಕೊಡಗಿನ ಕಡೆಯಿಂದ ಮತ್ತೆ ಮತ್ತೆ ಬರುವ ಪ್ರಶ್ನೆ. ಉತ್ತರ ಚಿಕ್ಕದು: ಹಳ್ಳಕ್ಕಿಳಿದು ಕಲ್ಲು ಮಗುಚಿ, ಅಡಿಯಲ್ಲಿ ಯಾವ ಹುಳಗಳಿವೆ ನೋಡಿ. ಆದರೆ ಆ "ತಿಳಿಯಾಗಿದೆ" ಅನ್ನುವ ಮಾತನ್ನು ಹಾಗೇ ಬಿಡಲು ಮನಸ್ಸಿಲ್ಲ. ಎಷ್ಟು ಸಲ ಹೇಳಿದರೂ ಅದು ತಿರುಗಿ ಬರುತ್ತದೆ.

ಯೂರಿಯಾದಿಂದ ಹುಟ್ಟುವ ನೈಟ್ರೇಟ್‌ಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಕುಡಿಯುವ ನೀರಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಅದರ ಎರಡು ಪಟ್ಟು ಇದ್ದರೂ ಲೋಟದ ನೀರು ಫಳಫಳ ಅನ್ನುತ್ತದೆ. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ನೋಡಿ. ಅದರ ಮೈಲುತುತ್ತದಲ್ಲಿರುವ ತಾಮ್ರ ಮಳೆಗೆ ತೊಳೆದು ಬಂದು ತಳದ ಕೆಸರಿಗೆ ಅಂಟಿಕೊಳ್ಳುತ್ತದೆ. ಮೇಲೆ ತಿಳಿನೀರು, ಕೆಳಗೆ ಹುಳಗಳಿಗೆ ವಿಷ. ಕಾಫಿ ಪಲ್ಪಿಂಗ್, ಅಂದರೆ ಹಣ್ಣಿನ ಸಿಪ್ಪೆ ಸುಲಿಯುವಾಗ ಬರುವ ನೀರಿನದು ಇನ್ನೊಂದು ಕಥೆ. ಅದರ ಸಕ್ಕರೆ ಅಂಶ ತಿನ್ನುವ ಬ್ಯಾಕ್ಟೀರಿಯಾ ಹಳ್ಳದ ಆಕ್ಸಿಜನ್ ಖಾಲಿ ಮಾಡುತ್ತದೆ. ಅದೂ ಕೊಯ್ಲಿನ ಹೊತ್ತಿಗೆ, ಹರಿವು ಇಳಿದಿರುವಾಗ. ಕೆಳಗೆ ಹೋದಂತೆ ಕಂದು ಬಣ್ಣ ಮಾಸಬಹುದು. ಆಕ್ಸಿಜನ್ ಅಷ್ಟು ಬೇಗ ವಾಪಸ್ ಬರುವುದಿಲ್ಲ.

ಲ್ಯಾಬಿಗೆ ಒಂದು ಬಾಟಲಿ ಕಳಿಸಿದರೆ ಸಾಕಲ್ವಾ ಅನ್ನುವವರೂ ಇದ್ದಾರೆ. ಅದರಲ್ಲಿ ಸಿಗುವುದು ಆ ಗಳಿಗೆಯ ಲೆಕ್ಕ ಮಾತ್ರ. ಮೊನ್ನೆ ಹರಿದುಹೋದದ್ದು ಅದರಲ್ಲಿ ಇರುವುದಿಲ್ಲ. ಕಲ್ಲಿನಡಿ ತಿಂಗಳುಗಟ್ಟಲೆ ಬದುಕುವ ಹುಳಗಳು ಎಲ್ಲವನ್ನೂ ಅನುಭವಿಸಿರುತ್ತವೆ.

ಮಳೆಗಾಲ ಮುಗಿದು ಹರಿವು ತಹಬಂದಿಗೆ ಬಂದ ಮೇಲೆ ಹೋಗಿ. ತೋಟಕ್ಕಿಂತ ಮೇಲೆ ಒಂದು ಜಾಗ, ಕೆಳಗೆ ಒಂದು ಜಾಗ ಆರಿಸಿ. ಎರಡೂ ಕಡೆ ಒಂದೇ ತರಹದ ಕಲ್ಲು, ಒಂದೇ ಸೆಳವು ಇರಲಿ. ಕಲ್ಲಿನ ಹಿಂದೆ ಬಲೆ ಹಿಡಿದು, ಕಲ್ಲು ಉಜ್ಜಿ, ಸಿಕ್ಕಿದ್ದನ್ನು ಬಿಳಿ ತಟ್ಟೆಗೆ ಹಾಕಿ. ಸಾಮಾನ್ಯವಾಗಿ ಮೂರು ಬಾಲ ಇರುವುದು ಮೇಫ್ಲೈ ಮರಿ, ಎರಡು ಬಾಲದ್ದು ಸ್ಟೋನ್‌ಫ್ಲೈ. ಮರಳಿನ ಗೂಡು ಹೊತ್ತು ತಿರುಗುವುದು ಕ್ಯಾಡಿಸ್. ಮೂರೂ ರೆಕ್ಕೆ ಬರುವ ಮುನ್ನ ನೀರಲ್ಲಿ ಬೆಳೆಯುವ ಕೀಟಗಳು. ಇವುಗಳಲ್ಲಿ ಹೆಚ್ಚಿನವು ಕೊಳಕು ನೀರಲ್ಲಿ ಬದುಕುವುದಿಲ್ಲ. ಇವು ಮೇಲೆ ಸಿಕ್ಕಿ, ಕೆಳಗೆ ಬರೀ ಕೆಂಪು ಹುಳ ಸಿಕ್ಕರೆ ನಡುವೆ ಏನೋ ಸೇರುತ್ತಿದೆ. ಆ ಕೆಂಪು ಹುಳದ ಮೈಯಲ್ಲಿ ಹಿಮೋಗ್ಲೋಬಿನ್ ಇದೆ, ಆಕ್ಸಿಜನ್ ಕಮ್ಮಿಯಾದರೂ ಬದುಕುತ್ತದೆ.

ಯಾರೂ ಕೇಳದ ಇನ್ನೊಂದು ವಿಷಯ: ದಂಡೆಯ ಮರಗಳು. ಅವನ್ನು ಕಡಿದರೆ ಗೊಬ್ಬರ, ಔಷಧಿ ಏನೂ ಸೇರದಿದ್ದರೂ ಹುಳಗಳು ಕಮ್ಮಿಯಾಗುತ್ತವೆ. ಬಿಸಿಲಿಗೆ ಕಾದ ನೀರಲ್ಲಿ ಆಕ್ಸಿಜನ್ ಕಡಿಮೆ ನಿಲ್ಲುತ್ತದೆ. ತರಗೆಲೆ ಬೀಳದಿದ್ದರೆ ಅದನ್ನೇ ತಿನ್ನುವ ಹುಳಗಳಿಗೆ ಊಟವಿಲ್ಲ. ಹಾಗಾಗಿ ಕಾಡಿನ ನೆರಳಿನ ಜಾಗವನ್ನು ಬಯಲಿನ ಜಾಗಕ್ಕೆ ಹೋಲಿಸಿದರೆ ಕೆಡಿಸಿದ್ದು ತೋಟವೋ ಬಿಸಿಲೋ ಗೊತ್ತಾಗುವುದಿಲ್ಲ. ನೆರಳೂ ಎರಡು ಕಡೆ ಒಂದೇ ಇರಬೇಕು.