ಕೊಸೆಂಜಾ ಬೆಟ್ಟಗಳ ಐನೂರು ವರ್ಷದ ಮನೆಮಾತು

ದಕ್ಷಿಣ ಇಟಲಿಯ ಕಲಾಬ್ರಿಯಾದಲ್ಲಿ ಕೊಸೆಂಜಾ ಎಂಬ ಪ್ರಾಂತ್ಯವಿದೆ. ನಮ್ಮ ಲೆಕ್ಕದಲ್ಲಿ ಒಂದು ಜಿಲ್ಲೆ ಅನ್ನಬಹುದು. ಅಲ್ಲಿನ ಪೊಲ್ಲಿನೊ ಬೆಟ್ಟದ ಮಗ್ಗುಲಲ್ಲಿರುವ ಚಿವಿತಾ ಹಳ್ಳಿಗೆ ಎರಡು ಹೆಸರು. ಹೊರಗಿನವರಿಗೆ ಚಿವಿತಾ, ಊರವರಿಗೆ ಚಿಫ್ತಿ. ಹಾಗೆಯೇ ಲುಂಗ್ರೊ ಅಲ್ಲಿಯವರ ಬಾಯಲ್ಲಿ ಉಂಗ್ರ. ಈ ಊರುಗಳ ಹಿರಿಯರ ಮನೆಮಾತು ಇಟಾಲಿಯನ್ ಅಲ್ಲ, ಹಳೆಯ ಅಲ್ಬೇನಿಯನ್. ಅವರು ತಮ್ಮನ್ನು ಅರ್ಬರೇಶ್ ಎಂದು ಕರೆದುಕೊಳ್ಳುತ್ತಾರೆ.

ಇವರು ಇಲ್ಲಿಗೆ ಬಂದದ್ದು 15ನೇ ಶತಮಾನದಲ್ಲಿ. ಆಟೊಮನ್ ತುರ್ಕರನ್ನು ದಶಕಗಳ ಕಾಲ ತಡೆದು ನಿಲ್ಲಿಸಿದ್ದ ಅಲ್ಬೇನಿಯಾದ ನಾಯಕ ಸ್ಕಂದರ್‌ಬೆಗ್ 1468ರಲ್ಲಿ ತೀರಿಕೊಂಡ. ನಾಡು ತುರ್ಕರ ಕೈಸೇರುತ್ತ ಹೋದಂತೆ ಜನ ಕಡಲು ದಾಟಿ ಇಟಲಿಗೆ ಬಂದರು. ಸ್ಕಂದರ್‌ಬೆಗ್ ಹಿಂದೊಮ್ಮೆ, ಆಗ ಕಲಾಬ್ರಿಯಾವನ್ನೂ ಆಳುತ್ತಿದ್ದ ನೇಪಲ್ಸ್ ದೊರೆಯ ನೆರವಿಗೆ ಪಡೆ ಕಟ್ಟಿಕೊಂಡು ಹೋಗಿದ್ದವನು. ಆ ಋಣವೂ ಇತ್ತು. ಇತ್ತ ಬೀಳುಬಿದ್ದ ಹೊಲಗಳಿಗೆ ಆಳುಗಳೂ ಬೇಕಿದ್ದರು. 1471ರಲ್ಲಿ ಸಾನ್ ದೆಮೆತ್ರಿಯೊ ಊರಿಗೆ ಬಂದ ವಲಸಿಗರು ಅಲ್ಲಿನ ಮಠದೊಂದಿಗೆ ಕರಾರು ಮಾಡಿಕೊಂಡು ನೆಲೆನಿಂತರು.

ಇದೇ ಪ್ರಾಂತ್ಯದಲ್ಲಿ ಇನ್ನೊಂದು ಜನಕ್ಕೆ ಈ ಭಾಗ್ಯ ಇರಲಿಲ್ಲ. ಉತ್ತರ ಇಟಲಿಯ ಪಿಯೆಮೊಂತೆಯಿಂದ ಬಂದು, ದಕ್ಷಿಣ ಫ್ರಾನ್ಸಿನ ಕಡೆಯ ಆಕ್ಸಿಟಾನ್ ನುಡಿಯುತ್ತಿದ್ದ ವಾಲ್ದೇಸಿ ಎಂಬ ಕ್ರೈಸ್ತ ಪಂಗಡದವರು ಪ್ರೊಟೆಸ್ಟಂಟ್ ಪಂಥಕ್ಕೆ ಸೇರಿದರು. ಕ್ಯಾಥೊಲಿಕ್ ಇಗರ್ಜಿಯ ಕಣ್ಣಿಗೆ ಅದು ಧರ್ಮದ್ರೋಹ. 1561ರ ಜೂನ್‌ನಲ್ಲಿ ಗ್ವಾರ್ದಿಯಾ ಪಿಯೆಮೊಂತೇಸೆ ಊರಿನಲ್ಲಿ ಅವರನ್ನು ಕೊಂದರು. ಮೊಂತಾಲ್ತೊದಲ್ಲಿ ಇಗರ್ಜಿಯ ಮೆಟ್ಟಿಲ ಮೇಲೆ 88 ಜನರ ಕುತ್ತಿಗೆ ಕೊಯ್ದರು. ಬದುಕುಳಿದವರ ಮನೆಬಾಗಿಲಿಗೆ ಒಂದು ಕಿಂಡಿ ಇಡಿಸಲಾಯಿತು. ಅದು ಹೊರಗಿನಿಂದ ತೆರೆಯುವ ಕಿಂಡಿ. ಒಳಗಿನವರು ಯಾವ ಪ್ರಾರ್ಥನೆ ಮಾಡುತ್ತಿದ್ದಾರೆಂದು ಪಾದ್ರಿಗಳು ಬೇಕೆಂದಾಗ ಇಣುಕಿ ನೋಡಬಹುದಿತ್ತು. ಆ ಊರಿನ ಹೆಬ್ಬಾಗಿಲಿಗೆ ಇಂದಿಗೂ ರಕ್ತದ ಬಾಗಿಲು ಎಂದೇ ಹೆಸರು. ಇಷ್ಟಾದರೂ ಅವರ ನುಡಿ ಅಳಿಯಲಿಲ್ಲ ಎಂಬುದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಅರ್ಬರೇಶರ ನುಡಿ ಉಳಿದದ್ದು ಹೇಗೆ? ಗ್ರೀಕ್ ಪದ್ಧತಿಯ ಪೂಜೆಯಿಂದ ಎನ್ನುವವರಿದ್ದಾರೆ. ಪೋಪರಿಗೆ ನಿಷ್ಠರಾದರೂ ಇವರ ಪೂಜಾವಿಧಿ ಬೈಜಾಂಟಿಯಂನದು (ಇಂದಿನ ಇಸ್ತಾಂಬುಲ್), ಇವರಲ್ಲಿ ಮದುವೆಯಾದ ಪಾದ್ರಿಗಳೂ ಇದ್ದಾರೆ. 1919ರಲ್ಲಿ ಲುಂಗ್ರೊದಲ್ಲಿ ಇವರಿಗಾಗಿಯೇ ಬಿಷಪ್ ಆಡಳಿತದ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಆದರೆ ಶತಮಾನಗಳ ಕಾಲ ಪೂಜೆಯ ಭಾಷೆ ಗ್ರೀಕ್ ಆಗಿತ್ತು, ಮನೆಮಾತಲ್ಲ. ಸ್ಪೆತ್ಸಾನೊ ಅಲ್ಬನೇಸೆ ಊರಂತೂ 17ನೇ ಶತಮಾನದಲ್ಲೇ ರೋಮಿನ ಲ್ಯಾಟಿನ್ ಪದ್ಧತಿಗೆ ಹೊರಳಿತು, ಮಾತನ್ನು ಮಾತ್ರ ಬಿಡಲಿಲ್ಲ. ಹಾಗಾಗಿ ನನ್ನ ಮಟ್ಟಿಗೆ ಹೆಚ್ಚಿನ ಶ್ರೇಯ ಸಲ್ಲಬೇಕಾದದ್ದು 'ಜಿತೊನಿಯಾ'ಕ್ಕೆ. ಸಣ್ಣದೊಂದು ಅಂಗಳ, ಅದರತ್ತ ಮುಖ ಮಾಡಿದ ನಾಲ್ಕಾರು ಮನೆ. ನಮ್ಮ ವಠಾರದ ಹಾಗೆ. ರಕ್ತಸಂಬಂಧಿಗಿಂತ ನೆರೆಯವಳೇ ಹತ್ತಿರದವಳು. ಮಗು ಮೊದಲ ಮಾತು ಕಲಿಯುತ್ತಿದ್ದದ್ದು ಆ ಅಂಗಳದಲ್ಲಿ.

ಈ ಹಳ್ಳಿಗಳು ಅಲ್ಬೇನಿಯಾಕ್ಕೇ ದಾರಿ ತೋರಿಸಿದವು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಮಾಕಿಯಾ ಎಂಬ ಪುಟ್ಟ ಊರಿನಲ್ಲಿ ಹುಟ್ಟಿದ ಜಿರೊಲಮೊ ದೆ ರಾದಾ 1836ರಲ್ಲೇ ಈ ನುಡಿಯಲ್ಲಿ ಕಾವ್ಯ ಅಚ್ಚು ಹಾಕಿಸಿದ. ಅಲ್ಬೇನಿಯನ್ ಭಾಷೆಗೆ ಒಮ್ಮತದ ಅಕ್ಷರಮಾಲೆ ಕೂಡಿಬಂದದ್ದು 1908ರಲ್ಲಿ, ಸ್ವತಂತ್ರ ಅಲ್ಬೇನಿಯಾ ಹುಟ್ಟಿದ್ದು 1912ರಲ್ಲಿ. ಇಟಲಿಯ ಕಮ್ಯುನಿಸ್ಟ್ ಚಿಂತಕ ಗ್ರಾಮ್ಶಿಯ ತಂದೆಯ ಪೂರ್ವಜರೂ ಇದೇ ಪ್ರಾಂತ್ಯದ ಪ್ಲಾತಾಚಿಯ ಅರ್ಬರೇಶರು.

ಆದರೆ ಈ ನುಡಿಗೆ ಪೆಟ್ಟೂ ಬಿತ್ತು. 1861ರಲ್ಲಿ ಇಟಲಿ ಒಂದಾದ ಬಳಿಕ ಶಾಲೆಯಲ್ಲಿ ಇಟಾಲಿಯನ್ ಒಂದೇ ಉಳಿಯಿತು. ಹೊಟ್ಟೆಪಾಡಿಗೆ ಜನ ಅಮೆರಿಕ, ಅರ್ಜೆಂಟೀನಾ, ಆಮೇಲೆ ಜರ್ಮನಿ, ಉತ್ತರ ಇಟಲಿಯ ತೊರಿನೊ ಕಡೆಗೆ ಹೊರಟರು. ಅಂಗಳಗಳು ಖಾಲಿಯಾದವು. ಅಲ್ಪಸಂಖ್ಯಾತ ಭಾಷೆಗಳ ರಕ್ಷಣೆಗೆ 482ನೇ ಸಂಖ್ಯೆಯ ಕಾನೂನು ಬಂದಾಗ 1999ರ ಡಿಸೆಂಬರ್. ಅಲ್ಬೇನಿಯನ್, ಆಕ್ಸಿಟಾನ್ ಸೇರಿ 12 ಭಾಷಾಸಮುದಾಯಗಳಿಗೆ ಅದರಲ್ಲಿ ಜಾಗ ಸಿಕ್ಕಿತು. ಕಾನೂನು ಶಾಲೆಗೆ ಪಾಠ ತರಬಲ್ಲದು, ಅಂಗಳಕ್ಕೆ ನೆರೆಯವರನ್ನು ತರಲಾರದು. ಮಕ್ಕಳು ಮನೆಯಲ್ಲಿ ತಾಯ್ನುಡಿಯಾಗಿ ಕಲಿಯುವುದನ್ನು ಬಿಟ್ಟ ಭಾಷೆಗಳ ಸಾಲಿನಲ್ಲಿ ಯುನೆಸ್ಕೊ ಅರ್ಬರೇಶರ ನುಡಿಯನ್ನು ಇಟ್ಟಿದೆ.

ಈಸ್ಟರ್ ಮುಗಿದ ಮಂಗಳವಾರ ಚಿವಿತಾದ ಬೀದಿಗಳಲ್ಲಿ ಇಂದಿಗೂ 'ವಾಲ್ಯೆ' ಕುಣಿತ ಇರುತ್ತದೆ. ಜರಿಯ ಉಡುಪಿನ ಹೆಂಗಸರು ಒಬ್ಬರಿಗೊಬ್ಬರು ಕೈಕೊಟ್ಟು ಸರಪಳಿಯಾಗುತ್ತಾರೆ, ಸ್ಕಂದರ್‌ಬೆಗ್‌ನ ಹಾಡು ಹೇಳುತ್ತ ಬರುತ್ತಾರೆ. ಹೊರಗಿನವನೊಬ್ಬ ನೋಡುತ್ತ ನಿಂತಿದ್ದರೆ ಅವನನ್ನು ಸುತ್ತುವರಿದು ನಡುವೆ ಸಿಕ್ಕಿಸಿಕೊಳ್ಳುತ್ತಾರೆ. ಕುಡಿಯಲು ಏನಾದರೂ ಕೊಡಿಸಿದ ಮೇಲೆಯೇ ಅವನಿಗೆ ಬಿಡುಗಡೆ.